ಸೈರನ್ ಇಲ್ಲದ ಕ್ಯಾಮೆರಾ

ತಮ್ಮನಿಗೆ ಅಕ್ಕನ ಆಶೀರ್ವಾದ.

ನಿನ್ನ ಅಂಗಡಿಯಿಂದ ಕಳಿಸಿದ ಕ್ಯಾಮೆರಾಗಳ ಪಟ್ಟಿ ನೋಡಿದೆ. ನಾಲ್ಕು ಬೇಡ, ಮುಂಬಾಗಿಲಿಗೆ ಒಂದೇ ಸಾಕು. ಕದಿಯಲು ಹಳೇ ಹೊಲಿಗೆ ಯಂತ್ರ ಬಿಟ್ಟರೆ ನಮ್ಮಲ್ಲೇನಿದೆ? ಅದನ್ನು ಎತ್ತಿದರೆ ಕಳ್ಳನ ಸೊಂಟವೇ ಉಳುಕೀತು.

ಹತ್ತಡಿ ಎತ್ತರದಲ್ಲಿ ಹಾಕುತ್ತೇನೆ ಅಂದೆಯಲ್ಲ, ಅಲ್ಲಿಂದ ಬರೀ ನೆತ್ತಿ ಕಾಣುತ್ತದೆ. ಮುಖ ಕಾಣುವಷ್ಟು ಕೆಳಗೆ ಹಾಕು. ಯಾರಾದರೂ ಒಡೆದರೆ ಒಡೆಯಲಿ. ಅಪರಿಚಿತರು ನಿಂತರೆ ಕೂಗುವ ಸೈರನ್ ಮಾತ್ರ ಬೇಡವೇ ಬೇಡ. ನಮ್ಮವರು ಯಾರು ಅಂತ ಅದಕ್ಕೇನು ಗೊತ್ತು?

ನಿನಗೊಂದು ವಿಷಯ ಹೇಳಿರಲಿಲ್ಲ. ಹೋದ ತಿಂಗಳು ನಾವಿಬ್ಬರೂ ಕೆಲಸಕ್ಕೆ ಹೋಗಿದ್ದಾಗ ಮಗಳು ಬಂದಿದ್ದಳಂತೆ. ಪಕ್ಕದ ಮನೆಯವರು ನೋಡಿದ್ದಾರೆ. ತನ್ನ ಹಳೇ ಕೀ ಹಾಕಿ ತಿರುಗಿಸಿದಳಂತೆ, ತಿರುಗಲಿಲ್ಲ. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಹೊರಟುಹೋದಳಂತೆ. ಅವಳು ಮನೆ ಬಿಟ್ಟ ದಿನವೇ ನಿನ್ನ ಭಾವ ಸಿಟ್ಟಿನಲ್ಲಿ ಬೀಗ ಬದಲಾಯಿಸಿದ್ದು ಅವಳಿಗೆ ಹೇಗೆ ಗೊತ್ತಿರಬೇಕು? ಅವಳ ಫೋನ್ ನಂಬರೂ ಈಗ ಬೇರೆ.

ಭಾವ ಇವತ್ತಿಗೂ ಅವಳ ಹೆಸರೆತ್ತಿಲ್ಲ. ಆದರೆ, "ನಾವು ಫೋನಲ್ಲಿ ಮಾತಾಡಿದ್ರೆ ಬಾಗಿಲಲ್ಲಿ ಕೇಳ್ಸುತ್ತಲ್ಲ, ಅಂಥಾ ಕ್ಯಾಮೆರಾನೇ ತರೋಕೆ ಹೇಳು" ಅಂತ ಮೂರು ಸಲ ನೆನಪಿಸಿದರು.

"ಅವಳು ಬಂದ್ರೆ ಏನಂತೀರಿ?" ಅಂದೆ.

"ಹೊಸ ಕೀ ಹೂಕುಂಡದ ಕೆಳಗಿದೆ ಅಂತೀನಿ."

ಹೋಗಿ ನೋಡಿದೆ. ತುಕ್ಕು ಹಿಡಿಯದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದಾರೆ.

ಭಾನುವಾರದವರೆಗೆ ಕಾಯಬೇಡ, ನಾಳೆಯೇ ಬಾ.

ನಿನ್ನ
ಅಕ್ಕ