ಸಾರಿಸಿದ ಗೋಡೆ ಮತ್ತು ನೀಲವ್ವನ ಕೃತಿಗಂಟು

ಗುಳೇದಗುಡ್ಡ
ಫೆಬ್ರವರಿ 30, 2194

ಪ್ರೀತಿಯ ನಿವೇದಿತಾ,

ಆರಾಮಿದ್ದೀಯಾ? ನಿನ್ನವ್ವ ಶಶಿಕಲಾ, ಅಪ್ಪ ಮಹಾಂತೇಶ, ಸದಾ ಕೆಮ್ಮುತ್ತಿದ್ದನೆಂದು ಕೇಳಿರುವ ತಮ್ಮ ಸಮರ್ಥ, ಎಲ್ಲರೂ ಕ್ಷೇಮವೇ? ತಾರೀಖು ನೋಡಿ ಗಾಬರಿಯಾಗಬೇಡ. ಫೆಬ್ರವರಿಗೆ ಈಗ ಎರಡು ದಿನ ಹೆಚ್ಚಿಗೆ ಕೊಟ್ಟಿದ್ದಾರೆ, ಅದರಿಂದ ಬಿಸಿಲೇನೂ ಕಡಿಮೆಯಾಗಿಲ್ಲ. ನಾನು ಶಂಕ್ರವ್ವ. ನೀನು ನನ್ನ ಅಜ್ಜಿಯ ಅಜ್ಜಿ. ಸಂಬಂಧ ನೋಡಿದರೆ ನಾನು ನಿನ್ನ ಕಾಲು ಮುಟ್ಟಬೇಕು, ವಯಸ್ಸು ನೋಡಿದರೆ ನಿನಗಿನ್ನೂ ಹದಿನೇಳು, ನನಗೆ ಎಪ್ಪತ್ತು ದಾಟಿದೆ. ಅದಕ್ಕೆ ನಮಸ್ಕಾರ, ಆಶೀರ್ವಾದ ಎರಡನ್ನೂ ಕಳಿಸಿದ್ದೇನೆ, ಬೇಕಾದ್ದು ಇಟ್ಟುಕೋ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ ನಾನು, ಹಳೆಯ ಕಾಗದ ಓದಿ ಓದಿ ಅಕ್ಷರ ಕಲಿತವಳು. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ಈ ಕಾಗದವನ್ನು ಹಿಂದಂಚೆಯವರು ನಿನ್ನ ಕಾಲಕ್ಕೆ ಮುಟ್ಟಿಸುತ್ತಾರೆ. ಮುಂದಕ್ಕೆ ತರುವ ಅಂಚೆ ಮಾತ್ರ ಇನ್ನೂ ಶುರುವಾಗಿಲ್ಲವಂತೆ.

ಆರ್ಕಿಟೆಕ್ಚರ್ ಕಾಲೇಜಿಗೆ ಅರ್ಜಿ ಹಾಕಲು ನೀನು ಈ ವಾರ ಚಿತ್ರಗಳನ್ನು ಹರವಿಕೊಂಡು ಕೂತಿದ್ದೀಯೆಂದು ಬಲ್ಲೆ. ನಮ್ಮ ಮನೆಯಲ್ಲಿ ಮೊದಲು ಮನೆಯ ನಕ್ಷೆ ಬರೆದವಳು ನೀನೇ. ನನ್ನ ಮೊಮ್ಮಗಳು ನೀಲವ್ವ ಎರಡನೆಯವಳಾಗಬೇಕಿತ್ತು. ನೀವು ಪೋರ್ಟ್‌ಫೋಲಿಯೊ ಅನ್ನುವುದಕ್ಕೆ ನಾವು ಕೃತಿಗಂಟು ಅನ್ನುತ್ತೇವೆ. ಅದರಲ್ಲಿ ಚಿತ್ರಗಳಷ್ಟೇ ಇದ್ದರೆ ಸಾಲದು. ಒಂದು ಸಣ್ಣ ಕೋಣೆ ಕಟ್ಟಿ ತೋರಿಸಬೇಕು. ಉರಿಹೊತ್ತಿನಲ್ಲಿ, ಅಂದರೆ ಸೈರನ್ ಕೂಗಿದ ಮೇಲೆ ಯಾರೂ ಬೀದಿಗಿಳಿಯದ ಮಧ್ಯಾಹ್ನದಲ್ಲಿ, ಕಾಲೇಜಿನ ಪರೀಕ್ಷಕರು ಬಂದು ಅದರಲ್ಲಿ ಕೂರುತ್ತಾರೆ. ಇದಕ್ಕೆ ಕೂರುನೋಟ ಎಂದು ಹೆಸರು. ಕೂತವರಿಗೆ ತಂಪೆನಿಸಿದರೆ ಸೀಟು.

ನೀಲವ್ವ ನಮ್ಮ ಓಣಿಯ ಮೂಲೆಯಲ್ಲಿ ಮಣ್ಣಿನ ಕೋಣೆ ಕಟ್ಟಿದಳು. ಗೋಡೆಯ ತುಂಬ ಬೆರಳು ಹೋಗುವಷ್ಟು ಓರೆ ತೂತುಗಳು. ಬಿಸಿಗಾಳಿ ಅವುಗಳಲ್ಲಿ ನುಸುಳಿ ಒಳಗೆ ಬರುವಷ್ಟರಲ್ಲಿ ತಣ್ಣಗಾಗುತ್ತಿತ್ತು. ಮೇಲೆ ಹಳೆಯ ಖಣದ ಬಟ್ಟೆಯ ಚಪ್ಪರ. ನಾನೇ ಅಲ್ಲಿ ಉರಿಹೊತ್ತು ಕಳೆದು ಗೊರಕೆ ಹೊಡೆದಿದ್ದೇನೆ, ಸಾಕ್ಷಿ ಬೇಕಾದರೆ ಓಣಿಯವರನ್ನು ಕೇಳು.

ಹಾಳಾದದ್ದೂ ಓಣಿಯವರಿಂದಲೇ. ಪರೀಕ್ಷಕರನ್ನು ಕರೆತರಲು ನೀಲವ್ವ ಬಸ್‌ಸ್ಟ್ಯಾಂಡಿಗೆ ಹೋದಳು. ದೊಡ್ಡವರು ಬರುತ್ತಾರೆ, ಗೋಡೆ ನೋಡಿದರೆ ಇಲಿ ಕೊರೆದಂತಿದೆ, ಪಾಪ ಹುಡುಗಿ ನಾಚಿಕೆಗೆ ನಮ್ಮನ್ನು ಕೇಳಿಲ್ಲ ಎಂದು ಪಕ್ಕದ ಮನೆಯ ಅಂಬವ್ವ ಹೆಂಗಸರನ್ನೆಲ್ಲ ಎಬ್ಬಿಸಿದಳು. ಅತಿಥಿ ಬರುವ ಮುಂಚೆ ಗೋಡೆ ಸಾರಿಸುವುದು ನಮ್ಮಲ್ಲಿ ಇಂದಿಗೂ ತಪ್ಪಿಲ್ಲ. ಕೆಮ್ಮಣ್ಣು ಕಲಸಿ, ಒಂದು ತೂತೂ ಉಳಿಯದಂತೆ ಸಾರಿಸಿ, ಮೇಲೊಂದು ತೋರಣ ಬೇರೆ ಕಟ್ಟಿದರು. ನಾನು ಹಿತ್ತಲಿಂದ ಬರುವಷ್ಟರಲ್ಲಿ ಗೋಡೆ ಕನ್ನಡಿಯಂತೆ ಹೊಳೆಯುತ್ತಿತ್ತು. ಪರೀಕ್ಷಕರು ಒಳಗೆ ಕೂತು ಬೆಂದರು. ಗಾಳಿಯಿಲ್ಲ ಎಂದು ಬರೆದು ಹೋದರು. ನೀಲವ್ವ ಕಾರಣ ಹೇಳದೆ ಅವರನ್ನು ಬಸ್ಸಿಗೆ ಬಿಟ್ಟು ಬಂದಳು.

ನನಗೆ ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯದು. ಗೋಡೆಯನ್ನು ಒಮ್ಮೆ ಕೈಯಿಂದ ತಟ್ಟಿ ನೋಡದ ಪರೀಕ್ಷಕರ ಮೇಲೆಯೇ? ಅಂಬವ್ವನನ್ನು ಬೈದೆ. ಅವಳು ಅತ್ತಳು, ಅಳುತ್ತಲೇ ಮನೆಗೆ ಹೋಗಿ ಬಿಸಿರೊಟ್ಟಿ, ಎಣ್ಣೆಗಾಯಿ ತಂದಿಟ್ಟಳು. ಇಂಥವರ ಜೊತೆ ಜಗಳವಾದರೂ ಹೇಗೆ ಆಡುವುದು ಹೇಳು.

ಯುಗಾದಿಯೊಳಗೆ ಸೋಲಿನ ಕಾರಣ ಬರೆದು ಹೊಸ ನಕ್ಷೆ ಕಳಿಸಿದವರಿಗೆ ಮರುನೋಟ ಉಂಟು. ಓಣಿಯವರು ಮುಚ್ಚಿದರು ಎಂದು ಒಂದು ಸಾಲು ಬರೆ ಮಗಾ ಎಂದು ಗೋಗರೆದೆ. ಅವಳೆಂದಳು:

"ತಪ್ಪು ಅವರದಲ್ಲಬೇ ಆಯಿ. ಮಂದಿ ಬರ್ತಾರಂದ್ರ ಈ ಓಣಿ ಗ್ವಾಡಿ ಸಾರಸತೈತಿ ಅಂತ ಗೊತ್ತಿದ್ದೂ, ಕೈಗೆ ಎಟಕೂವಲ್ಲೇ ತೂತು ಬಿಟ್ಟಾಕಿ ನಾನು."

ಸರಿ ತಾಯಿ, ಅದನ್ನೇ ಬರೆ ಎಂದೆ. ಅದಕ್ಕೂ ಒಲ್ಲಳು. ಕೃತಿಗಂಟಿನಲ್ಲಿ ಕೆಟ್ಟದ್ದು ಕಾಣಬಾರದೆಂದು ಕೋಚಿಂಗಿನವರು ತಲೆಗೆ ತುಂಬಿದ್ದಾರೆ. ಕೈಗೆಟುಕದ ಎತ್ತರದಲ್ಲಿ, ಸೂರಿನ ಕೆಳಗೆ ತೂತುಗಳಿರುವ ಹೊಸ ನಕ್ಷೆಯನ್ನು ಆಗಲೇ ಬರೆದಿಟ್ಟಿದ್ದಾಳೆ, ಎಷ್ಟು ಚಂದ ಇದೆ ಅಂತೀ! ಆದರೆ ಹಳೆಯ ಕೋಣೆಯ ಕತೆಯಿಲ್ಲದೆ ಆ ತೂತುಗಳು ಮೇಲಕ್ಕೇಕೆ ಹೋದವೆಂದು ಯಾರಿಗೆ ಅರ್ಥವಾಗಬೇಕು? ಬರೀ ಹೊಸದನ್ನೇ ಕಳಿಸುತ್ತಾಳಂತೆ, ಇಲ್ಲವಾದರೆ ಏನನ್ನೂ ಕಳಿಸುವುದಿಲ್ಲವಂತೆ. ಕಲ್ಲಿಗೆ ಹೇಳಿದ್ದರೆ ಇಷ್ಟು ಹೊತ್ತಿಗೆ ಅದಾದರೂ ಹೂಂ ಅನ್ನುತ್ತಿತ್ತು.

ನನ್ನ ಮಾತು ಅವಳಿಗೆ ಮುದುಕಿಯ ಮಾತು. ನಿನ್ನದು ಹಾಗಲ್ಲ, ನೀನು ಅವಳ ಓರಗೆಯವಳು, ಮೇಲಾಗಿ ಮನೆಯ ಮೊದಲನೆಯವಳು. ನಿನಗೂ ಕೆಟ್ಟ ಹಾಳೆ ಬಚ್ಚಿಡು ಎನ್ನುವವರು ಇರಬಹುದು, ಕೇಳಬೇಡ. ಒಂದು ಕೆಟ್ಟ ಚಿತ್ರವನ್ನು ನಿನ್ನ ಅರ್ಜಿಯ ಜೊತೆ ಇಡು, ಎಲ್ಲಿ ತಪ್ಪಿದೆ, ಆಮೇಲೆ ಏನು ಮಾಡಿದೆ ಎಂದು ಕೆಳಗೆ ಬರೆ. ನೀಲವ್ವನಿಗೆ ತೋರಿಸಲು ಅದರದೊಂದು ಪ್ರತಿಯನ್ನು ನಡುಮನೆಯ ದೀಪದ ಗೂಡಿನ ಹಿಂದೆ, ಸಡಿಲ ಕಲ್ಲಿನ ಸಂದಿಯಲ್ಲಿಡು. ಆ ಗೂಡು ಇಂದಿಗೂ ಇದೆ, ದೀಪವನ್ನು ನಾನೇ ಹಚ್ಚುತ್ತೇನೆ. ಇವತ್ತು ಬೆಳಿಗ್ಗೆ ಕೈಹಾಕಿ ನೋಡಿದೆ, ಬೆರಳಿಗೆ ಬರೀ ಸುಣ್ಣ ಹತ್ತಿತು.

ಹಬ್ಬಕ್ಕೆ ಮನೆಗೆ ಸುಣ್ಣ ಹೊಡೆಸುವಾಗ ಆ ಸಂದಿ ಮುಚ್ಚದಂತೆ ನಿನ್ನವ್ವನಿಗೆ ಹೇಳು. ಯುಗಾದಿ ಹತ್ತಿರ ಬಂತು. ಬೇಗ ಬರೆ ತಾಯಿ. ನೀನು ಇಟ್ಟ ದಿನವೇ ನಮಗೆ ಸಿಕ್ಕೀತು.

ನಿನ್ನ
ಶಂಕ್ರವ್ವ