ಬಿರ್ಗಿಟ್‌ಳ ತಂಗಿ

ಸಪಲ್ಪಾ, ಒಕ್ಲಹೋಮ
ಗುರುವಾರ, ಮೇ 9, 2019

ಪ್ರೀತಿಯ ಮಿಸೆಸ್ ಹಾಗನ್ ಅವರಿಗೆ,

ಬಿರ್ಗಿಟ್ ಸತ್ತದ್ದು ನೀವು ಕೊರಿಯರ್ ಡಿಪೊಗೆ ತಡವಾಗಿ ಹೋದದ್ದರಿಂದಲ್ಲ. ನನ್ನಿಂದ. ಎರಡು ವರ್ಷ ನಾಲ್ಕು ತಿಂಗಳಿಂದ ಈ ಮಾತನ್ನು ಬಚ್ಚಿಟ್ಟುಕೊಂಡಿದ್ದೇನೆ. ಈ ನಡುವೆ ನಿಮಗೆ ಹದಿಮೂರೋ ಹದಿನಾಲ್ಕೋ ಪತ್ರ ಬರೆದಿರಬೇಕು. ಮಿಡತೆಗಳ ಬಗ್ಗೆ ಬರೆದೆ, ಟ್ಯಾಕೆಟ್ ಅವರ ಸೊಂಟನೋವಿನ ಬಗ್ಗೆ ಬರೆದೆ, ಇದೊಂದನ್ನು ಬಿಟ್ಟು ಎಲ್ಲವನ್ನೂ ಬರೆದೆ.

ನನ್ನ ಬಗ್ಗೆ ನಿಮಗೆ ಗೊತ್ತಿರುವುದು ನಾನೇ ಹೇಳಿದ್ದು. ಮುಖದ ಮೇಲೆ ಹೇಳಿಬಿಡುವವಳು, ಹಾಗೆ ಹೇಳಿಯೇ ಹನ್ನೊಂದನೆಯ ತರಗತಿಯಲ್ಲಿ ಶಾಲೆ ಬಿಟ್ಟವಳು, ಹಾಗೆ ಹೇಳಿಯೇ ಎರಡು ಕೆಲಸ ಕಳೆದುಕೊಂಡವಳು. ನೀನು ನಾನು ಓಡಿಸುತ್ತಿದ್ದ ಶಾಲೆಯ ಬಸ್ಸಿನ ಹುಡುಗಿಯಾಗಿದ್ದರೆ ನಿನ್ನ ಮನೆ ಬಾಗಿಲಲ್ಲೇ ಹಾರ್ನ್ ಹಾಕಿ ಎಳೆದುಕೊಂಡು ಹೋಗುತ್ತಿದ್ದೆ ಎಂದು ನೀವು ಬರೆದಿರಿ. ಅದನ್ನು ಓದಿ ಅಮ್ಮ ಎರಡು ದಿನ ನಕ್ಕಳು. ಅವಳು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಮಗಳು ಶಾಲೆ ಬಿಟ್ಟರೂ ತಾನಿನ್ನೂ ಪಾಸಾಗಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾಳೆ.

ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನಡುವೆ ಎಲ್ಲಾದರೂ ತಪ್ಪಿಸಿಕೊಳ್ಳುತ್ತೇನೆ.

ನಿಮ್ಮ ಮೊದಲ ಪತ್ರ ಬಂದಾಗ ನಾನು ಟ್ಯಾಕೆಟ್ ಅವರು ಜೇಡ ಸಾಕಿ ಮಾರುವ ಶೆಡ್ಡಿಗೆ ಸೇರಿ ಆರು ವಾರವಾಗಿತ್ತು. ಕಾಗದದ ಮೇಲೆ ಪೆನ್ನಿನಲ್ಲಿ ಬರೆದು ಟರಾಂಟುಲಾ ಜೇಡ ಕೇಳಿದವರು ನೀವೊಬ್ಬರೇ. ಟ್ಯಾಕೆಟ್ ಅದನ್ನು ನನ್ನ ಕಡೆ ಎಸೆದು, ನೀನು ಬಾಯಿಬಡುಕಿ, ನೀನೇ ಉತ್ತರ ಬರಿ ಎಂದರು. ಫಾರ್ಗೋದ ಅಂಗಡಿಯಲ್ಲಿ ನಿಂತು ನೋಡಿ, ಆರಿಸಿ, ಮಡಿಲಲ್ಲಿಟ್ಟುಕೊಂಡು ತಂದ ಜೇಡ ಗಂಡಾಗಿತ್ತು, ಹತ್ತು ತಿಂಗಳಿಗೆ ತೀರಿಕೊಂಡಿತು ಎಂದು ನೀವು ಬರೆದಿದ್ದಿರಿ. ಕಣ್ಣಾರೆ ಕಂಡದ್ದೇ ಹೀಗಾದರೆ, ಕಾಣದೆ ಅಂಚೆಯಲ್ಲಿ ತರಿಸುವುದು ಹೇಗೆ ಎಂದು ಕೇಳಿದ್ದಿರಿ. ನಿಮಗೆ ಹೆಣ್ಣೇ ಬೇಕಿತ್ತು, ಇಪ್ಪತ್ತು ಇಪ್ಪತ್ತೈದು ವರ್ಷ ಬಾಳುವಂಥದ್ದು. ನನಗೆ ಅರವತ್ತೆಂಟು, ನಾನು ಹೋದ ಮೇಲೂ ಮನೆಯಲ್ಲಿ ಯಾರಾದರೂ ಇರಲಿ ಎಂಬ ಸಾಲು ಓದಿ ನಾನು ಜೇಡಗಳಿಗೆ ತಿನ್ನಿಸುವ ಮಿಡತೆಗಳ ಡಬ್ಬ ಮುಚ್ಚುವುದನ್ನೇ ಮರೆತೆ. ಆ ಮಧ್ಯಾಹ್ನ ಶೆಡ್ಡಿನ ತುಂಬ ಮಿಡತೆ.

ಅಂಚೆಯೇ ಒಳ್ಳೆಯದು ಎಂದು ನಿಮ್ಮನ್ನು ಒಪ್ಪಿಸಿದವಳು ನಾನು. ಟ್ಯಾಕೆಟ್ ಅವರ ಜೊತೆ ತಲ್ಸಾದಲ್ಲಿ ಜೇಡ ಮಾರುವ ಪ್ರದರ್ಶನಕ್ಕೆ ಹೋಗಿ ಮೇಜಿನ ಹಿಂದೆ ನಿಂತು ನೋಡಿದ್ದೆ. ಜನ ಬಗ್ಗಿ ಡಬ್ಬ ಎತ್ತುತ್ತಾರೆ, ತಟ್ಟುತ್ತಾರೆ, ಮಗುವಿನ ಕೈಗೆ ಕೊಡುತ್ತಾರೆ. ಒಬ್ಬ ದಪ್ಪ ಮನುಷ್ಯ ಕಚ್ಚುತ್ತದೆಯೇ ಎಂದು ಕೇಳಿದ.

“ನೀವು ಕಚ್ಚದಿದ್ರೆ ಅದೂ ಕಚ್ಚಲ್ಲ,” ಎಂದರು ಟ್ಯಾಕೆಟ್.

ಅವನು ಬಣ್ಣ ನೋಡಿ ಕೊಂಡ. ಹಾಗೆ ಕೊಳ್ಳುವವರೇ ಹೆಚ್ಚು. ಇಡೀ ದಿನ ಬೆಳಕು, ಸದ್ದು, ಅಲುಗಾಟ. ಸಂಜೆಗೆ ಅರ್ಧ ಜೇಡಗಳು ಮೂಲೆ ಸೇರಿ ಕಾಲು ಮುದುಡಿ ಕೂತಿದ್ದವು. ಅಂಚೆಯಲ್ಲಾದರೆ ಕತ್ತಲೆ, ಒದ್ದೆ ಕಾಗದದ ಮೆತ್ತೆ, ಒಂದೇ ರಾತ್ರಿಯ ಪಯಣ. ಕಟ್ಟುವ ಕೈ ಒಳ್ಳೆಯದಾಗಿದ್ದರೆ ಸಾಕು ಎಂದು ನಿಮಗೆ ಬರೆದೆ. ನನ್ನ ಕೈಯ ಬಗ್ಗೆಯೇ ಹಾಗೆ ಬರೆದುಕೊಂಡೆ ನೋಡಿ.

ಆಮೇಲೆ ನಾವು ಬರೆಯುತ್ತಲೇ ಹೋದೆವು. ಕೆಂಪು ಮಂಡಿಯ ಮರಿಯೊಂದನ್ನು ನೀವು ಆರಿಸಿದಿರಿ. ಅದು ಹೆಣ್ಣೋ ಗಂಡೋ ಹೇಳಲು ಇನ್ನೂ ಚಿಕ್ಕದು ಎಂದೆ, ಪರವಾಗಿಲ್ಲ, ಹೆಸರು ಈಗಲೇ ಇಟ್ಟಿದ್ದೇನೆ, ಬಿರ್ಗಿಟ್ ಎಂದಿರಿ. ಗಾಜಿನ ಪೆಟ್ಟಿಗೆ ತೊಳೆದು, ಮಣ್ಣು ಹಾಸಿ, ಹೆಸರಿನ ಚೀಟಿ ಅಂಟಿಸಿಟ್ಟಿದ್ದಿರಿ.

2017ರ ಜನವರಿಯ ಆ ಮಂಗಳವಾರ ನಾಲ್ಕು ಪೆಟ್ಟಿಗೆ ಕಟ್ಟುವುದಿತ್ತು. ನಿಮ್ಮದನ್ನು ಕೊನೆಗೆ ಇಟ್ಟುಕೊಂಡೆ, ಏಕೆಂದರೆ ಒಳಗೆ ಇಡಲು ನಿಮಗೊಂದು ಚೀಟಿ ಬರೆಯುತ್ತಿದ್ದೆ. ಚೀಟಿ ಅಂದರೆ ಎರಡು ಹಾಳೆ. ಬಿರ್ಗಿಟ್‌ಳನ್ನು ಕುಂಚದಿಂದ ಮೆಲ್ಲಗೆ ನೂಕಿ ಕೊಳವೆಗೆ ಹೇಗೆ ಹತ್ತಿಸಿದೆ, ಅವಳು ಹೇಗೆ ಮುನಿಸಿಕೊಂಡು ಹಿಂದಿನ ಕಾಲು ಝಾಡಿಸಿದಳು, ಎಲ್ಲ ಬರೆದೆ. ಅಷ್ಟರಲ್ಲಿ ಕೊರಿಯರ್ ವ್ಯಾನಿನವನು ಹಾರ್ನ್ ಹೊಡೆಯತೊಡಗಿದ. ಹೀಟ್ ಪ್ಯಾಕ್ ತೆಗೆದುಕೊಂಡೆ, ಮುಚ್ಚಳದ ಒಳಬದಿಗೆ ಅಂಟಿಸಿದೆ, ಚೀಟಿ ಮಡಚಿಟ್ಟೆ, ಟೇಪು ಸುತ್ತಿದೆ, ಓಡಿದೆ.

ಹೀಟ್ ಪ್ಯಾಕಿನ ಮೇಲೊಂದು ತೆಳು ಪ್ಲಾಸ್ಟಿಕ್ ಇರುತ್ತದೆ. ಅದನ್ನು ಹರಿದು ತೆಗೆದರೆ ಮಾತ್ರ ಒಳಗಿನ ಪುಡಿಗೆ ಗಾಳಿ ತಾಗಿ ಬಿಸಿಯಾಗುವುದು. ಹರಿದ ಪ್ಲಾಸ್ಟಿಕನ್ನು ನಾನು ಏಪ್ರನ್ನಿನ ಜೇಬಿಗೆ ತುರುಕುತ್ತೇನೆ, ಅದು ನನ್ನ ಅಭ್ಯಾಸ. ವ್ಯಾನು ಹೋಗಿ ಅರ್ಧ ಗಂಟೆಯ ಮೇಲೆ ಜೇಬು ಖಾಲಿ ಮಾಡಿದೆ. ನಾಲ್ಕು ಪೆಟ್ಟಿಗೆ ಹೋಗಿತ್ತು. ಜೇಬಿನಲ್ಲಿ ಮೂರೇ ಪ್ಲಾಸ್ಟಿಕ್ ಇದ್ದವು.

ಫೋನ್ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಪೆಟ್ಟಿಗೆ ಇನ್ನೂ ತಲ್ಸಾ ದಾಟಿರಲಿಲ್ಲ, ತಡೆಯಬಹುದಿತ್ತು. ಆದರೆ ಹಿಂದಿನ ವಾರವಷ್ಟೇ ಟ್ಯಾಕೆಟ್ ಇದೇ ತಪ್ಪಿಗೆ ಒಬ್ಬಳನ್ನು ಕೆಲಸದಿಂದ ಬಿಡಿಸಿದ್ದರು. ಬೆಳಿಗ್ಗೆ ಎದ್ದು ಬೇಸರವಿಲ್ಲದೆ ನಾನು ಕೆಲಸಕ್ಕೆ ಹೋಗುತ್ತಿದ್ದ ಮೊದಲ ಜಾಗ ಅದು. ನಿಮ್ಮ ಊರು ಬೆಮಿಜಿಯಲ್ಲಿ ಅಷ್ಟೇನೂ ಚಳಿ ಇರಲಾರದು ಎಂದುಕೊಂಡೆ. ಜನವರಿಯಲ್ಲಿ, ಮಿನೆಸೋಟಾದಲ್ಲಿ. ಯಾರಾದರೂ ಬೇರೆಯವರು ಹಾಗೆ ಹೇಳಿದ್ದರೆ ಮುಖದ ಮೇಲೇ ನಗುತ್ತಿದ್ದೆ.

ಮರುದಿನ ನೀವು ಫೋನ್ ಮಾಡಿದಿರಿ. ಟ್ಯಾಕೆಟ್ ಅವರ ಕೈ ಒದ್ದೆಯಾಗಿತ್ತು, ಸ್ಪೀಕರ್ ಒತ್ತಿದರು. ನಿಮ್ಮ ದನಿಯನ್ನು ನಾನು ಕೇಳಿದ್ದು ಅದೊಂದೇ ಸಲ.

“ಮರಿ ಉಳೀಲಿಲ್ಲ. ತಪ್ಪು ನಂದೇ, ಟ್ಯಾಕೆಟ್ ಅವರೇ. ರಸ್ತೆ ತುಂಬ ಹಿಮ, ಡಿಪೊಗೆ ಹೋಗೋ ಹೊತ್ತಿಗೆ ಮಧ್ಯಾಹ್ನ ಆಗೋಯ್ತು. ಬದಲಿ ಏನೂ ಬೇಡ ನಂಗೆ. ಆ ಹುಡುಗಿ ಚೆನ್ನಾಗೇ ಕಟ್ಟಿದ್ಲು, ಅವಳಿಗೆ ಹೇಳಿ.”

ಟ್ಯಾಕೆಟ್ ನನ್ನ ಕಡೆ ತಿರುಗಿ ಹೆಬ್ಬೆರಳು ಎತ್ತಿ ತೋರಿಸಿದರು. ನಾನು ತಲೆಯಾಡಿಸಿದೆ. ಹೊರಗೆ ಹೋಗಿ ಮಿಡತೆಗಳಿಗೆ ಕ್ಯಾರೆಟ್ ಹೆಚ್ಚಿದೆ, ಬೇಕಾದದ್ದಕ್ಕಿಂತ ತುಂಬಾ ಜಾಸ್ತಿ.

ಸತ್ತು ಬಂದರೆ ಪೆಟ್ಟಿಗೆ ತೆರೆದ ಹಾಗೇ ಫೋಟೋ ಕಳಿಸಬೇಕು ಎಂಬುದು ಅವರ ನಿಯಮ. ಬದಲಿ ಬೇಡವೆಂದರೂ ನೀವು ನಿಯಮಕ್ಕೆಂದು ಕಳಿಸಿದಿರಿ. ಅವರು ಅದನ್ನು ಲಕೋಟೆಯಿಂದ ತೆಗೆಯದೆಯೇ ಫೈಲಿಗೆ ಸೇರಿಸಿದರು. ನಾನೂ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

ನೀವು ಬರೆಯುವುದನ್ನು ನಿಲ್ಲಿಸುತ್ತೀರಿ ಅಂದುಕೊಂಡೆ. ನಿಲ್ಲಿಸಲಿಲ್ಲ. ಜೇಡ ಮಾತ್ರ ಮತ್ತೆ ಕೇಳಲಿಲ್ಲ. ಗಾಜಿನ ಪೆಟ್ಟಿಗೆ ಹಾಗೇ ಇದೆ, ಹೆಸರಿನ ಚೀಟಿ ಕಿತ್ತಿಲ್ಲ, ಅಂಚೆಯಲ್ಲಿ ಇನ್ನು ತರಿಸುವುದಿಲ್ಲ, ಯಾರಾದರೂ ಕೈಯಲ್ಲಿ ಹಿಡಿದು ತಂದುಕೊಟ್ಟರೆ ಸರಿ ಎಂದಿರಿ. ಬೆಮಿಜಿಗೆ ಯಾರು ತಂದುಕೊಡುತ್ತಾರೆ, ಬೇಡವೆನ್ನುವುದಕ್ಕೆ ಅದೊಂದು ಮರ್ಯಾದೆಯ ಮಾತು ಅಂದುಕೊಂಡೆ. ಪ್ರತಿ ಪತ್ರದ ಕೊನೆಗೆ, ಸಹಿಯ ಮುಂಚೆ, ಬೇರೆ ಏನಾದರೂ ಹೇಳುವುದಿದೆಯೇ ಎಂದು ಕೇಳುತ್ತಿದ್ದಿರಿ. ನಾನು ಹವಾಮಾನದ ಸುದ್ದಿ ಬರೆಯುತ್ತಿದ್ದೆ.

ನಿಮಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಬಿರ್ಗಿಟ್ ಹುಟ್ಟಿದ ಅದೇ ಮೊಟ್ಟೆಚೀಲದ ಇನ್ನೊಂದು ಮರಿಯನ್ನು ಅವಳು ಸತ್ತ ವಾರವೇ ನಾನು ಕೊಂಡು ಮನೆಗೆ ತಂದೆ. ಅದು ನಿಮಗೆಂದೇ. ಆದರೆ ಗಂಡಾದರೆ? ಫಾರ್ಗೋದ ಕಥೆ ನಿಮಗೆ ಎರಡನೇ ಸಲ ಆಗಬಾರದು. ಹಾಗಾಗಿ ಖಾತ್ರಿಯಾಗುವವರೆಗೆ ಕಾದೆ. ಕಾಯಲು ಅದೊಂದು ಒಳ್ಳೆಯ ನೆಪವೂ ಆಗಿತ್ತು, ಅದನ್ನೂ ಹೇಳಿಬಿಡಬೇಕು.

ಕಳೆದ ತಿಂಗಳು ಒಂದು ಬೆಳಿಗ್ಗೆ ಅಮ್ಮ ನನ್ನ ಕೋಣೆಯಿಂದ ಕೂಗಿದಳು. ಹೋದರೆ ಕೈಯಲ್ಲಿ ಶೂ ಡಬ್ಬಿ ಹಿಡಿದು ನಿಂತಿದ್ದಳು, ಡಬ್ಬಿಯೊಳಗೆ ತನ್ನ ಒಳ್ಳೆಯ ಕರವಸ್ತ್ರ ಹಾಸಿದ್ದಳು.

“ವಿಲ್ಲಾ, ನಿನ್ನ ಜೇಡ ಹೋಯ್ತು ಕಣೇ. ಅಂಗಾತ ಬಿದ್ದಿದೆ. ಗುಲಾಬಿ ಗಿಡದ ಬುಡದಲ್ಲಿ ಮಣ್ಣು ಮಾಡೋಣ, ಅಳಬೇಡ.”

“ಮುಟ್ಟಬೇಡಮ್ಮ. ಅದು ಸತ್ತಿಲ್ಲ, ಪೊರೆ ಬಿಡ್ತಿದೆ.”

“ಬೆನ್ನ ಮೇಲೆ ಮಲಗಿ?”

“ನೀನು ಬಿಗಿ ಪ್ಯಾಂಟ್ ಬಿಚ್ಚುವಾಗ ಹೆಂಗೆ ಮಲಗ್ತೀಯ?”

ಶೂ ಡಬ್ಬಿಯಿಂದಲೇ ತಲೆಗೆ ಒಂದು ಬಿತ್ತು. ಆಮೇಲೆ ಇಬ್ಬರೂ ನೆಲದ ಮೇಲೆ ಕೂತು ಮೂರು ಗಂಟೆ ನೋಡಿದೆವು. ಇದಕ್ಕೂ ಮುಂಚಿನ ಸಲಗಳಲ್ಲಿ ಅದು ತನ್ನ ಡಬ್ಬದಲ್ಲಿ ಇಟ್ಟ ಮರದ ತೊಗಟೆಯ ಅಡಿಯಲ್ಲೇ ಪೊರೆ ಬಿಟ್ಟಿದ್ದರಿಂದ ಅಮ್ಮ ಕಂಡಿರಲಿಲ್ಲ. ಹಳೆಯ ಕಾಲುಗಳೊಳಗಿಂದ ಹೊಸ ಕಾಲುಗಳು ಒಂದೊಂದೇ ಹೊರಬಂದವು. ಅವಳು ಕೆಲಸಕ್ಕೆ ತಡವಾಗಿ ಹೋದಳು. ಏಕೆಂದು ಕೇಳಿದವರಿಗೆ ಮನೆಯಲ್ಲಿ ಹೆರಿಗೆ ಎಂದಳಂತೆ.

ಬಿಟ್ಟ ಪೊರೆಯನ್ನು ಸೋಪಿನ ನೀರಲ್ಲಿ ನೆನೆಸಿ, ಬಿಡಿಸಿ, ಮಸೂರದ ಕೆಳಗೆ ನೋಡಿದೆ; ಗಂಡೋ ಹೆಣ್ಣೋ ತಿಳಿಯುವುದು ಅದರಿಂದಲೇ. ಟ್ಯಾಕೆಟ್ ಅವರಿಗೂ ತೋರಿಸಿದೆ. ಹೆಣ್ಣು. ಸಂಶಯವೇ ಇಲ್ಲ. ಇನ್ನು ನೆಪವೂ ಇಲ್ಲ. ಹೊಸ ಚರ್ಮ ಗಟ್ಟಿಯಾಗಿ ಮತ್ತೆ ತಿನ್ನಲು ಶುರುಮಾಡುವವರೆಗೆ ಮೂರು ವಾರ ಬಿಟ್ಟೆ. ಈಗ ಅವಳು ಸಿದ್ಧ.

ಇವತ್ತು ಬೆಳಿಗ್ಗೆ ಟ್ಯಾಕೆಟ್ ಅವರಿಗೂ ಎಲ್ಲ ಹೇಳಿದೆ. ಕೆಲಸ ಹೋದರೆ ಹೋಗಲಿ ಎಂದೇ ಹೇಳಿದೆ. ಅವರು ಕೈಯಲ್ಲಿದ್ದ ಕುಂಚಗಳನ್ನು ಒರೆಸಿಟ್ಟರು. ಆಮೇಲೆ ಕಪಾಟಿನಿಂದ ಹೀಟ್ ಪ್ಯಾಕ್ ಒಂದನ್ನು ತೆಗೆದು ನನ್ನ ಕೈಯಲ್ಲಿಟ್ಟರು.

“ಆ ಕಡೆ ಮೇ ತಿಂಗಳಲ್ಲೂ ಚಳಿ ಇರುತ್ತೆ. ಪ್ಲಾಸ್ಟಿಕ್ ತೆಗೀಬೇಕು, ಗೊತ್ತಲ್ಲ? ಹೋಗಿ ಬಾ. ಬಂದ್ಮೇಲೆ ಬೈತೀನಿ.”

ಅಮ್ಮನದು ಬೇರೆ ರಾಗ. ಒಂದು ಜೇಡಕ್ಕೋಸ್ಕರ ಒಂಬೈನೂರು ಮೈಲಿ ಕಾರು ಓಡಿಸುವುದೇ, ಅಂಚೆಗೇನು ರೋಗ ಬಂದಿದೆ ಎಂದು ಕೇಳಿದಳು. ಅಂಚೆಗೆ ಏನೂ ಆಗಿಲ್ಲ ಎಂದೆ. ಸ್ವಲ್ಪ ಹೊತ್ತಿಗೆ ಎಂಟು ಸ್ಯಾಂಡ್‌ವಿಚ್ ಕಟ್ಟಿಟ್ಟಿದ್ದಳು. ನಾಲ್ಕು ನಿಮಗಂತೆ, ಉಪ್ಪಿನಕಾಯಿ ಸೌತೆ ಇರುವುದು.

ಈ ಪತ್ರವನ್ನೂ ನಾನು ಅಂಚೆಗೆ ಹಾಕುವುದಿಲ್ಲ. ನಿಮ್ಮ ಬಾಗಿಲು ತಟ್ಟಿ ಕೈಗೆ ಕೊಡುತ್ತೇನೆ. ಎದುರಿಗೆ ನಿಂತು ಮಾತಾಡಲು ಹೋದರೆ ನೀವು ಕಾಫಿ ಕೊಡುತ್ತೀರಿ, ನಾನು ಮಿಡತೆಗಳ ಸುದ್ದಿ ಎತ್ತುತ್ತೇನೆ, ಅಲ್ಲಿಗೆ ಮುಗಿಯುತ್ತದೆ. ನೀವು ಓದಿ ಮುಗಿಸುವವರೆಗೆ ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ನನ್ನ ಮುಖ ನೋಡುವುದು ಬೇಡ ಎನಿಸಿದರೆ ಬಾಗಿಲು ತೆರೆಯಬೇಡಿ. ಡಬ್ಬವನ್ನು ನೆರಳಿನಲ್ಲಿಟ್ಟು ಹೋಗುತ್ತೇನೆ, ಅವಳದೇನೂ ತಪ್ಪಿಲ್ಲ. ಅವಳಿಗೆ ನಾನು ಹೆಸರಿಟ್ಟಿಲ್ಲ. ಅದು ನಿಮ್ಮ ಕೆಲಸ.

ಕ್ಷಮಿಸಿ ಎಂದು ಎಲ್ಲಿ ಬರೆಯಬೇಕೆಂದು ತಿಳಿಯದೆ ಕೊನೆಗೆ ಬಂದುಬಿಟ್ಟಿದ್ದೇನೆ. ಕ್ಷಮಿಸಿ.

ನಿಮ್ಮ ಪೆಟ್ಟಿಗೆ ಕಟ್ಟಿದವಳು,
ವಿಲ್ಲಾ ಪ್ರೂಯಿಟ್

ಮರೆತದ್ದು: ಸಹಿ ಮಾಡಿದ ಮೇಲೆ, ಹೇಳಿದ್ದಕ್ಕೆ ಸಾಕ್ಷಿಯಾಗಿ ಆ ಫೋಟೋವನ್ನೂ ಪತ್ರದ ಜೊತೆ ಇಡೋಣವೆಂದು ಶೆಡ್ಡಿಗೆ ಹೋಗಿ ಫೈಲು ತೆಗೆದೆ. ಮೊದಲ ಸಲ ನೋಡಿದೆ. ನಿಮ್ಮ ಅಡುಗೆಮನೆಯ ಮೇಜು, ಕೊಳವೆಯೊಳಗೆ ಕಾಲು ಮುದುಡಿದ ಬಿರ್ಗಿಟ್, ಪಕ್ಕದಲ್ಲಿ ತೆರೆದ ಮುಚ್ಚಳ. ಮುಚ್ಚಳದ ಒಳಬದಿಯ ಮೇಲೆ, ಹೀಟ್ ಪ್ಯಾಕ್ ಇರುವ ಜಾಗಕ್ಕೆ ಸರಿಯಾಗಿ, ನನ್ನ ಚೀಟಿಯನ್ನು ಬಿಡಿಸಿ ಹಾಸಿದ್ದೀರಿ. ಎರಡೂ ಹಾಳೆ. ಆದರೂ ಒಂದು ಮೂಲೆ ಹೊರಗೆ ಉಳಿದಿದೆ, ಅಲ್ಲಿ ಹರಿಯದೆ ಬಿಟ್ಟ ಪ್ಲಾಸ್ಟಿಕ್ ಮಿಂಚುತ್ತಿದೆ. ಮೂವತ್ತೊಂದು ವರ್ಷ ಆ ಹಿಮದಲ್ಲೇ ಶಾಲೆಯ ಬಸ್ಸು ಓಡಿಸಿದೆ, ಒಂದು ದಿನವೂ ತಡವಾಗಲಿಲ್ಲ ಎಂದು ನೀವೇ ನನಗೆ ಬರೆದಿದ್ದಿರಿ. ನಾನದನ್ನು ಓದಿಯೂ ನಿಮ್ಮ ಫೋನಿನ ಮಾತನ್ನು ನಂಬಿದೆ. ಬೇರೆ ಏನಾದರೂ ಹೇಳುವುದಿದೆಯೇ ಎಂದು ಪ್ರತಿ ಸಲ ಕೇಳಿದಿರಿ. ಇತ್ತು, ಮಿಸೆಸ್ ಹಾಗನ್. ಮೇಲೆ ಬರೆದಿದ್ದೇನೆ. ಒಂದಕ್ಷರವನ್ನೂ ಹೊಡೆದುಹಾಕಿಲ್ಲ. ನಾಳೆ ಬೆಳಿಗ್ಗೆ ಆರು ಗಂಟೆಗೆ ಹೊರಡುತ್ತೇನೆ.