ಯಂತ್ರವನ್ನೇ ಹೆಸರು ಕೇಳು

ಮನೆ, ಹಿಂದಿನ ಕೋಣೆ
ಭಾನುವಾರ, ಮಾರ್ಚ್ ೯

ಪ್ರೀತಿಯ ಅಣ್ಣಾ,

ಮೊದಲು ನಿನ್ನ ಮೊಣಕಾಲಿನ ಸಮಾಚಾರ ಬರೆ. ಹೋದ ಸಲ ನಿನ್ನ ಕಾಗದದ ಅಂಚಿನಲ್ಲಿ ಅತ್ತಿಗೆ ಸಣ್ಣಗೆ ಬರೆದಿದ್ದರು, ಇವರು ಸಸಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತರೆ ಏಳಿಸುವುದಕ್ಕೆ ಒಬ್ಬರು ಬೇಕು ಅಂತ. ಅದೇ ಕಾಗದದ ಮಧ್ಯದಲ್ಲಿ ನೀನು ಗುಂಡುಕಲ್ಲಿನ ಹಾಗಿದ್ದೇನೆ ಎಂದು ಬರೆದಿದ್ದೀಯ. ನಾನು ಅಂಚನ್ನೇ ನಂಬುತ್ತೇನೆ. ಅಮ್ಮ ಚೆನ್ನಾಗಿದ್ದಾಳೆ. ಕಿವಿ ಇನ್ನಷ್ಟು ಮಂದವಾಗಿದೆ, ನಾಲಿಗೆ ಮಾತ್ರ ಮೊದಲಿಗಿಂತ ಚುರುಕು. ನೀನು ಕಳಿಸಿದ ಕಸಿ ಗುಲಾಬಿ ಕಿಟಕಿಯಲ್ಲಿ ಎರಡು ಬಣ್ಣದ ಹೂ ಬಿಟ್ಟಿದೆ. ಬಂದವರಿಗೆಲ್ಲ ಅದನ್ನು ತೋರಿಸಿ, ನನ್ನ ಮಗ ಮಾಡಿದ್ದು ಎನ್ನುತ್ತಾಳೆ. ನಾನೂ ಅವಳ ಮಗಳೇ ಎನ್ನುವುದು ಆಗ ಯಾರಿಗೂ ನೆನಪಿರುವುದಿಲ್ಲ.

ಫೋನಿನಲ್ಲಿ ರಕ್ತನಿಧಿ ಎಂಬ ಮಾತು ಬಂದ ಕೂಡಲೇ ನೀನು ಅದನ್ನು ಅತ್ತಿಗೆಯ ಕೈಗೆ ಕೊಟ್ಟುಬಿಡುತ್ತೀಯ. ನೀನು ಅಲ್ಲಿಯ ಕೆಲಸ ಬಿಟ್ಟ ಆರು ವರ್ಷದಿಂದ ನೋಡುತ್ತಿದ್ದೇನೆ. ಅದಕ್ಕೇ ಈ ಕಾಗದ. ಇದನ್ನೂ ಅವರ ಕೈಗೆ ಕೊಟ್ಟರೆ ಅವರು ಗಟ್ಟಿಯಾಗಿ ಓದಿ ಹೇಳುತ್ತಾರೆ, ಹಾಗೆ ಮಾಡಿ ಎಂದು ಆಗಲೇ ಹೇಳಿಟ್ಟಿದ್ದೇನೆ. ನಿನ್ನನ್ನು ರಕ್ತನಿಧಿಯ ಆ ಕೋಣೆಗೆ ವಾಪಸ್ ಬಾ ಎಂದು ಕೇಳುವುದಕ್ಕೆ ಬರೆಯುತ್ತಿಲ್ಲ. ಆ ಒಂದು ಬೆಳಗ್ಗೆಯನ್ನು ನೀನು ಹೊತ್ತುಕೊಂಡು ತಿರುಗುವುದು ನಿಲ್ಲಲಿ ಎಂದು ಬರೆಯುತ್ತಿದ್ದೇನೆ. ಒಂದು ಮಾತು ಹೇಳುವುದಿದೆ. ಆದರೆ ಮೊದಲು ನಾನು ಕಂಡ ಆಶ್ಚರ್ಯ ಹೇಳಿಬಿಡುತ್ತೇನೆ, ಧೈರ್ಯ ಬರುತ್ತದೆ.

ಆಸ್ಪತ್ರೆ ಈಗ ಊರಿನ ಸುತ್ತ ಏಳು ಕಡೆ ರಕ್ತ ಇಡುವ ಕೇಂದ್ರ ತೆರೆದಿದೆ. ಯಾವ ಚೀಲ ಯಾರು ಕೊಟ್ಟದ್ದು, ಯಾವ ಗುಂಪು, ಯಾವ ಪೆಟ್ಟಿಗೆಯಲ್ಲಿದೆ, ಇದೆಲ್ಲ ಇರುವ ಮೂಲ ದಾಖಲೆ ನಮ್ಮ ಕೋಣೆಯ ಯಂತ್ರದಲ್ಲಿ. ಏಳು ಕಡೆಯೂ ಅದರ ನಕಲು ಬೇಕು ಎಂದು ದೊಡ್ಡ ಡಾಕ್ಟರಮ್ಮ ಹೇಳಿದರು. ಅಮ್ಮ ಇದು ಏನು ಕೆಲಸ ಎಂದು ಕೇಳಿದಾಗ, ಇಲ್ಲಿ ಒಂದು ಸಾಲು ಬರೆದರೆ ಆ ಕ್ಷಣವೇ ಏಳು ಕಡೆಯೂ ಅದೇ ಸಾಲು ಮೂಡಬೇಕಮ್ಮಾ, ಒಂದು ಕೆಟ್ಟರೂ ಉಳಿದವು ಇರುತ್ತವೆ ಎಂದೆ. ಅವಳು ಸ್ವಲ್ಪ ಯೋಚಿಸಿ, ನಾನೂ ಅದಕ್ಕೇ ಇಬ್ಬರನ್ನು ಹೆತ್ತದ್ದು ಎಂದಳು.

ಒಂದು ನಕಲು ಹೂಡುವುದಕ್ಕೆ ನಿನಗೆ ಎರಡು ದಿನ ಹಿಡಿಯುತ್ತಿತ್ತು. ನೀಲಿ ರಟ್ಟಿನ ನಿನ್ನ ಪುಸ್ತಕದಲ್ಲಿ ಅರವತ್ತಮೂರು ಹೆಜ್ಜೆ. ನಕಲಿನ ಯಂತ್ರವನ್ನು ಪೂರ್ತಿ ಖಾಲಿ ಮಾಡು, ಮೂಲದಿಂದ ತುಂಬಿಸು, ಮೂಲ ಎಷ್ಟನೆಯ ಸಾಲಿನಲ್ಲಿತ್ತು ಎಂದು ಗುರುತು ಹಾಕು, ಅಲ್ಲಿಂದ ಮುಂದಿನದನ್ನು ಕೇಳಿಸಿಕೊಳ್ಳಲು ಹೇಳು. ಒಂದು ಹೆಜ್ಜೆ ತಪ್ಪಿದರೆ ಮತ್ತೆ ಮೊದಲಿನಿಂದ. ಹದಿನಾಲ್ಕನೆಯ ಹೆಜ್ಜೆಯ ಪಕ್ಕ ನೀನು 'ಇಲ್ಲಿ ಟೀ ಕುಡಿ' ಎಂದು ಬರೆದಿದ್ದೀಯ. ಏಳು ಕೇಂದ್ರಕ್ಕೆ ಅಂಥ ಹದಿನಾಲ್ಕು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕಲ್ಲ ಎಂದು ನಾನು ತಲೆಯ ಮೇಲೆ ಕೈ ಹೊತ್ತಿದ್ದೆ.

ಆಗ ಹೊಸದಾಗಿ ಸೇರಿದ ಕನ್ನಡಕದವಳು (ಕನ್ನಡಕ ಯಾವಾಗಲೂ ತಲೆಯ ಮೇಲೆ, ಕಣ್ಣಿನ ಮೇಲೆ ಇದ್ದದ್ದನ್ನು ಯಾರೂ ಕಂಡಿಲ್ಲ) ನಿನ್ನ ಪುಸ್ತಕವನ್ನು ಎರಡು ದಿನ ಓದಿದಳು. ಓದಿ ಹೇಳಿದಳು, "ಇದನ್ನ ಯಾರೂ ಕೈಯಲ್ಲಿ ಮಾಡಬೇಕಾಗಿಲ್ಲ. ಇದನ್ನ ಹೀಗೇ ಬರೆದಿಟ್ರೆ ಯಂತ್ರಗಳೇ ಮಾಡ್ಕೋತವೆ." ನಾನು ನಕ್ಕೆ. ಆದರೆ ಅವಳು ತಂದ ಸಾಧನ ವಿಚಿತ್ರವಾದದ್ದು ಅಣ್ಣಾ. ಅದಕ್ಕೆ 'ಹೀಗೆ ಮಾಡು' ಎಂದು ಹೇಳುವುದಕ್ಕಿಂತ 'ಹೀಗಿರಬೇಕು' ಎಂದು ಹೇಳುವುದೇ ಹೆಚ್ಚು. ಈ ಯಂತ್ರ ನಕಲಾಗಿರಬೇಕು, ಇದರ ಮೂಲ ಅದು, ಇದಕ್ಕೆ ತನ್ನದೇ ಸಂಖ್ಯೆ ಇರಬೇಕು, ಎಂದು ಬರೆದಿಟ್ಟರೆ ಅದು ಒಂದೊಂದು ಯಂತ್ರದ ಬಳಿಗೂ ಹೋಗಿ ನೋಡುತ್ತದೆ. ಹಾಗಿದ್ದರೆ ಮುಟ್ಟುವುದಿಲ್ಲ, ಇಲ್ಲದಿದ್ದರೆ ಹಾಗೆ ಮಾಡುತ್ತದೆ.

ಮೂರು ವಾರ ನಿನ್ನ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಬರೆದೆವು. ಕೊನೆಯ ಪುಟದಲ್ಲಿ ಬೇರೆ ಶಾಯಿಯಲ್ಲಿ ಎರಡು ಸಾಲು ಸಿಕ್ಕಿತು. 'ಅಂಟಿಸಿದ ಚೀಟಿ ನಂಬಬೇಡ. ಯಂತ್ರವನ್ನೇ ಹೆಸರು ಕೇಳು.' ಕೆಳಗೆ ನೀನು ಕೆಲಸ ಬಿಟ್ಟ ದಿನದ ತಾರೀಖು. ಒಳ್ಳೆಯ ಬುದ್ಧಿವಾದ ಎಂದು ಕನ್ನಡಕದವಳು ಅದನ್ನೇ ಮೊದಲ ಹೆಜ್ಜೆ ಮಾಡಿದಳು. ಯಂತ್ರ ತನ್ನ ಹೆಸರು ತಾನೇ ಹೇಳಬೇಕು, ನಾವು ಪಟ್ಟಿಯಲ್ಲಿ ಬರೆದದ್ದಕ್ಕೆ ಅದು ಹೊಂದದಿದ್ದರೆ ಅಲ್ಲಿಗೇ ನಿಲ್ಲಬೇಕು. ಅಭ್ಯಾಸಕ್ಕೆ ಉಗ್ರಾಣದಿಂದ ಆ ಹಳೆಯ ಎರಡು ಯಂತ್ರಗಳನ್ನೇ ತರಿಸಿದೆವು, ನಿನ್ನ ಕಾಲದ ಮೂಲ ಮತ್ತು ನಕಲು. ಮೊದಲ ಸಲ ನಡೆಸಿದಾಗ ಸಾಧನ ಮೊದಲ ಹೆಜ್ಜೆಯಲ್ಲೇ ನಿಂತುಬಿಟ್ಟಿತು. ಅದರ ಕಥೆ ಆಮೇಲೆ.

ಗುರುವಾರ ಮಧ್ಯಾಹ್ನ ಊಟದ ನಂತರ ನಿಜವಾದ ಏಳಕ್ಕೂ ಒಟ್ಟಿಗೇ ಹೂಡಿದೆವು. ದೊಡ್ಡ ಡಾಕ್ಟರಮ್ಮ ಕೈ ಕಟ್ಟಿಕೊಂಡು ಹಿಂದೆ ನಿಂತಿದ್ದರು. ಒಂದು ಗುಂಡಿ ಒತ್ತಿದ್ದು, ಅಷ್ಟೇ. ಪರದೆಯ ಮೇಲೆ ನಿನ್ನ ಹೆಜ್ಜೆಗಳು ಒಂದಾದ ಮೇಲೊಂದು ಬರತೊಡಗಿದವು. ಏಳು ಕಡೆ ಏಳು ಜನ ನೀನೇ ಕೂತು ಮಾಡುತ್ತಿದ್ದ ಹಾಗೆ ಕಂಡಿತು ನನಗೆ. ಹದಿನಾಲ್ಕನೆಯದು ಬಂದಾಗ ನಾನು ಗಟ್ಟಿಯಾಗಿ ಟೀ ಎಂದೆ, ಯಾರಿಗೂ ಅರ್ಥವಾಗಲಿಲ್ಲ. ನಲವತ್ತು ನಿಮಿಷಕ್ಕೆ ಎಲ್ಲ ಮುಗಿಯಿತು. ಮೂಗಿನ ಮೇಲೆ ಬೆರಳಿಟ್ಟುಕೊಂಡು ಕೂತೆ. ಇಪ್ಪತ್ತು ವರ್ಷ ನಿನ್ನ ಬೆರಳ ತುದಿಯಲ್ಲಿ ಇದ್ದದ್ದು ನೀನಿಲ್ಲದೆ, ನಾನಿಲ್ಲದೆ, ತಾನೇ ನಡೆಯುವುದನ್ನು ಕಂಡು ಮೈ ಜುಮ್ಮೆಂದಿತು.

ಅದಕ್ಕಿಂತ ಹೆಚ್ಚಿನದು ಆಮೇಲಿನದು. ಕನ್ನಡಕದವಳು ಅದೇ ಗುಂಡಿಯನ್ನು ಇನ್ನೊಮ್ಮೆ ಒತ್ತಿದಳು. ನನ್ನ ಜೀವ ಬಾಯಿಗೆ ಬಂತು, ನಿನ್ನ ಪುಸ್ತಕದ ಪ್ರಕಾರ ಎರಡನೆಯ ಸಲ ಮಾಡಿದರೆ ತುಂಬಿದ್ದೆಲ್ಲ ಮತ್ತೆ ಖಾಲಿ. ಆದರೆ ಸಾಧನ ಏಳು ಬಾಗಿಲನ್ನೂ ತಟ್ಟಿ ನೋಡಿತು. ಎಲ್ಲ ಇರಬೇಕಾದ ಹಾಗೇ ಇದೆ, ಬದಲಿಸಿದ್ದು ಸೊನ್ನೆ ಎಂದು ಬರೆದು ಸುಮ್ಮನಾಯಿತು. ಸರಿಯಿರುವುದನ್ನು ಸರಿಯಿದೆ ಎಂದು ಬಿಟ್ಟುಬಿಡುವ ಬುದ್ಧಿ ನಮ್ಮ ಮನೆಯಲ್ಲಿ ಯಾರಿಗಿದೆ ಹೇಳು? ಅಮ್ಮನಿಗಂತೂ ಇಲ್ಲ. ಆಮೇಲೆ ಮೂಲದ ಯಂತ್ರವನ್ನೇ ನಿಲ್ಲಿಸಿ ನೋಡಿದೆವು. ದೂರದ ಕೇಂದ್ರದ ನರ್ಸ್ ತನ್ನ ನಕಲಿನಲ್ಲೇ ಚೀಲ ಹುಡುಕಿ ಕೊಟ್ಟು ಮುಂದಿನವರನ್ನು ಕರೆದಳಂತೆ, ಏನಾದರೂ ಗೊತ್ತಾಯಿತೇ ಎಂದು ಕೇಳಿದರೆ ಏನು ಗೊತ್ತಾಗಬೇಕಿತ್ತು ಎಂದಳು. ದೊಡ್ಡ ಡಾಕ್ಟರಮ್ಮ ಕೈ ಬಿಚ್ಚಿ, ನನ್ನ ಹೆಗಲು ಮುಟ್ಟಿ, "ಇದು ನಿಮ್ಮಣ್ಣಂದೇ ಕೆಲಸ," ಎಂದರು. ನನಗೆ ಅಲ್ಲೇ ಅಳು ಬಂತು. ಏಕೆಂದರೆ ಸಾಧನ ಮೊದಲ ಸಲ ನಿಂತದ್ದೇಕೆ ಎಂದು ಅವರಿಗೆ ನಾನಿನ್ನೂ ಹೇಳಿರಲಿಲ್ಲ.

ಅಮ್ಮ ಕೂಗುತ್ತಿದ್ದಾಳೆ, ಅಂಚೆಗೆ ಕೊಡುವವರು ಬಾಗಿಲಲ್ಲಿ ನಿಂತಿದ್ದಾರಂತೆ. ಮೊಣಕಾಲಿಗೆ ಬಿಸಿನೀರಿನ ಶಾಖ ಬಿಡಬೇಡ. ಅತ್ತಿಗೆಗೆ ನಮಸ್ಕಾರ. ಅಮ್ಮನ ಆಶೀರ್ವಾದ ನಿಮ್ಮಿಬ್ಬರಿಗೂ, ಮುಕ್ಕಾಲು ಪಾಲು ನಿನಗೆ.

ನಿನ್ನ ತಂಗಿ,
ಮೊಂಡಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಸಾಧನ ಮೊದಲ ಹೆಜ್ಜೆಯಲ್ಲಿ ನಿಂತದ್ದೇಕೆ ಎಂದರೆ, ಆ ಹಳೆಯ ಯಂತ್ರಗಳ ಮೇಲಿನ ಚೀಟಿ ನೋಡಿ ನಾನು ಪಟ್ಟಿ ಬರೆದಿದ್ದೆ. ಒಂದು ಎಂದರೆ ಮೂಲ, ಎರಡು ಎಂದರೆ ನಕಲು; ಎರಡು ಎಂಬ ಚೀಟಿ ಇದ್ದ ಯಂತ್ರ, ತನ್ನ ಹೆಸರು ಒಂದು ಎಂದಿತು. ಚೀಟಿಯ ಅಕ್ಷರ ನನ್ನದು. ಕೋಣೆ ಬದಲಿಸಿದ ವಾರ ನೀನು ಜ್ವರದಲ್ಲಿ ಮಲಗಿದ್ದೆ, ಹಳೆಯ ಚೀಟಿಗಳು ಉದುರಿದ್ದವು. ಮೇಲಿನದು ಒಂದು, ಕೆಳಗಿನದು ಎರಡು ಎಂದು ನಾನೇ ಅಂದಾಜಿನಲ್ಲಿ ಹೊಸದು ಅಂಟಿಸಿದ್ದೆ. ಕೆಲಸಕ್ಕೆ ಸೇರಿ ಎಂಟು ತಿಂಗಳು ಆಗಿತ್ತು ನನಗೆ. ನೀನು ಬಂದು ಚೀಟಿ ನಂಬಿ, ನಕಲು ಎಂದು ಮೂಲವನ್ನೇ ಖಾಲಿ ಮಾಡಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ಬೆಳಗ್ಗೆ ನಕಲು ಕೆಟ್ಟು ನಿಂತ ಮೇಲಿನ ಐದು ಗಂಟೆಗಳ ದಾಖಲೆ ಹೋಯಿತು, ಯಾರದೆಂದು ತಿಳಿಯದೆ ಎಂಬತ್ತಾರು ಚೀಲ ರಕ್ತ ಚೆಲ್ಲಿದರು. ಜ್ವರದ ಕಣ್ಣಿಗೆ ಚೀಟಿ ತಪ್ಪಾಗಿ ಕಂಡಿತು ಎಂದು ನೀನೇ ಬರೆದುಕೊಟ್ಟು ಹೊರಟುಹೋದೆ. ಆದರೆ ಕೊನೆಯ ಪುಟದ ಆ ಎರಡು ಸಾಲು ತಪ್ಪಾಗಿ ಓದಿದವನು ಬರೆಯುವುದಲ್ಲ ಅಣ್ಣಾ. ಚೀಟಿಯೇ ತಪ್ಪು, ಅಂಟಿಸಿದವಳು ನಾನು ಎಂದು ನಿನಗೆ ಅವತ್ತೇ ಗೊತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಕೇಳಿದ್ದೇನೆ, ಎಮ್ಮೆ ತಾನೇ ಬಂದು ಬೆನ್ನು ಕೊಟ್ಟದ್ದನ್ನು ಈಗ ಕಂಡೆ. ನಿನ್ನೆ ದೊಡ್ಡ ಡಾಕ್ಟರಮ್ಮನಿಗೆ ಎಲ್ಲ ಹೇಳಿದ್ದೇನೆ, ಚೀಟಿಯನ್ನೂ ತೋರಿಸಿದ್ದೇನೆ. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ಸೋಮವಾರ ತಿಳಿಯುತ್ತದೆ, ಅದರ ಚಿಂತೆ ನಿನಗೆ ಬೇಡ, ನಿನ್ನ ಪಾಲಿನದು ಮುಗಿಯಿತು. ಶುಕ್ರವಾರದ ಬಸ್ಸಿಗೆ ಬರುತ್ತಿದ್ದೇನೆ. ಫೋನಾದರೆ ಅತ್ತಿಗೆಯ ಕೈಗೆ ಕೊಟ್ಟು ಎದ್ದು ಹೋಗಬಹುದು. ನಾನು ನಿನ್ನ ಎದುರಿಗೇ ಕೂರುತ್ತೇನೆ, ನಿನ್ನ ಮೊಣಕಾಲು ಹಿಡಿದರೆ ಏಳಿಸುವುದಕ್ಕೂ ನಾನೇ ಇರುತ್ತೇನೆ.